ಎರಡನೆಯ ಈಡು ಹಾರುವ ಮುನ್ನ

ಬೇಟೆಯ ಕಥೆಗಳನ್ನು ಓದಿ ಮೈ ನವಿರೇಳಿಸಿಕೊಂಡ ವಾಚಕರಿಗೆ ಮೊದಲನೆಯ ಈಡಿನ ಸದ್ದು ಚೆನ್ನಾಗಿ ನೆನಪಿರುತ್ತದೆ. ಪೊದೆ ಅಲುಗಿತು, ಹಳದಿಯ ಮೈಯೊಂದು ಸರಿಯಿತು, ಕೋವಿ ಗುಡುಗಿತು. ಆದರೆ ಅನುಭವಸ್ಥರನ್ನು ಕೇಳಿ ನೋಡಿ. ಅವರು ಹೆದರುತ್ತಿದ್ದುದು ಅದರ ಮುಂದಿನ ಗಳಿಗೆಗೆ. ಗಾಯಗೊಂಡ ಪ್ರಾಣಿ ಎತ್ತ ತಿರುಗಿತೆಂಬುದು ತಿಳಿಯುವ ಮೊದಲೇ ಸುಟ್ಟ ತೋಟಾದ ಹಿತ್ತಾಳೆಯ ಕೊಳವೆ ನಳಿಗೆಯ ಬುಡದಿಂದ ಹೊರಬಿದ್ದು, ಹೊಸ ತೋಟಾ ಆ ಜಾಗದಲ್ಲಿ ಕುಳಿತಿರಬೇಕು. ನುರಿತ ಕೈಗೆ ಅದು ಒಂದೆರಡು ಸೆಕೆಂಡಿನ ಕೆಲಸ. ಆ ಕೊಳವೆ ಹೊರಬೀಳದೆ ಅಡ್ಡ ಸಿಕ್ಕಿಕೊಂಡಿತೋ, ಬೆಲೆಬಾಳುವ ರೈಫಲ್ಲಿಗೂ ದನಗಾಹಿಯ ಕೋಲಿಗೂ ಭೇದವಿಲ್ಲ. ಕೋಲಾದರೂ ಹಗುರ.

ಈ ವಿಷಯವನ್ನು ಹೇಳಲು ಚಿತ್ರದುರ್ಗದ ಸೀಮೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಹೋಗುವವರು ಬೀರೂರನ್ನು ದಾಟಿ, ಹೊಸದುರ್ಗ ರೋಡ್ ನಿಲ್ದಾಣವನ್ನು ಹಿಂದಿಕ್ಕಿ, ಚಿಕ್ಕಜಾಜೂರನ್ನು ಸೇರುತ್ತಾರೆ. ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಗಳ ದಾರಿ ಅಲ್ಲಿ ಕವಲೊಡೆಯುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಈ ಜಂಕ್ಷನ್ನಿನ ಸುತ್ತ ಕಣ್ಣಿಗೆ ಬೀಳುವುದು ಅಡಿಕೆ, ತೆಂಗು, ಮೆಕ್ಕೆಜೋಳ, ನಡುನಡುವೆ ಕುರುಚಲು ಹೊದ್ದ ಗುಡ್ಡಗಳು. ಇಂಥ ಬಯಲಿನಲ್ಲಿ ನರಭಕ್ಷಕ ಹುಲಿಯೇ ಎಂದು ಇಂದಿನವರಿಗೆ ಆಶ್ಚರ್ಯವಾದೀತು. ಆದರೆ ಬೆಂಗಳೂರಿನ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ತಮ್ಮ ಮೊದಲ ಪುಸ್ತಕ ‘ನೈನ್ ಮ್ಯಾನ್ ಈಟರ್ಸ್ ಅಂಡ್ ಒನ್ ರೋಗ್’ ಎಂಬುದರಲ್ಲಿ ಒಂದು ಅಧ್ಯಾಯದ ಹೆಸರೇ ಹೊಸದುರ್ಗ-ಹೊಳಲ್ಕೆರೆಯ ನರಭಕ್ಷಕ. ಎರಡು ತಾಲ್ಲೂಕುಗಳ ಹೆಸರನ್ನು ಜೋಡಿಸಿಕೊಂಡ ಆ ಹುಲಿಯ ಕಥೆಯನ್ನು ಇಲ್ಲಿ ಹೇಳಿ ಓದುಗರ ಸುಖಕ್ಕೆ ಭಂಗ ತರುವುದಿಲ್ಲ. ಆಂಡರ್ಸನ್ನರ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದ ಮೇಲೆ ಅವು ನಮ್ಮ ಮನೆಮನೆಯ ಕಥೆಗಳೇ ಆಗಿಬಿಟ್ಟಿವೆ. ನಮ್ಮ ಪ್ರಸ್ತುತ ವಿಷಯಕ್ಕೆ ಬೇಕಾದುದು ಹುಲಿಗಿಂತ ಹೆಚ್ಚಾಗಿ ಅವರ ಕೈಯಲ್ಲಿದ್ದ ಕೋವಿ.

ಅವರ ನೆಚ್ಚಿನ ಆಯುಧ .405 ವಿಂಚೆಸ್ಟರ್. ಜಾನ್ ಬ್ರೌನಿಂಗ್ ಎಂಬ ಅಮೆರಿಕದ ಮಹಾಕುಶಲಿ ರೂಪಿಸಿದ 1895ರ ಮಾದರಿ ಅದು. ಟ್ರಿಗರಿನ ಕೆಳಗಿರುವ ಹಿಡಿಯನ್ನು ಕೆಳಕ್ಕೂ ಮೇಲಕ್ಕೂ ಆಡಿಸಿದರೆ ಸುಟ್ಟ ತೋಟಾ ಹೊರಹಾರಿ ಹೊಸದು ಒಳಬರುತ್ತದೆ. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೋಡರ್ ರೂಸ್‌ವೆಲ್ಟರು 1909ರಲ್ಲಿ ಆಫ್ರಿಕಕ್ಕೆ ಬೇಟೆಗೆ ಹೋದಾಗಲೂ ಇದೇ .405 ಅವರ ಜೊತೆಯಲ್ಲಿತ್ತು. ಈ ಕೋವಿಯ ಒಂದು ಸ್ವಭಾವವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಸುಟ್ಟ ತೋಟಾವನ್ನು ಅದು ನೆತ್ತಿಯ ಮೇಲಿನಿಂದ ಹಾರಿಸುತ್ತದೆ. ಆದ್ದರಿಂದ ಅದರ ಬೆನ್ನಿನ ಮೇಲೆ ನೇರವಾಗಿ ದುರ್ಬೀನನ್ನು ಕೂರಿಸುವುದು ಸಾಧ್ಯವೇ ಇಲ್ಲ. ರಾತ್ರಿಯ ಹೊತ್ತು ಆಂಡರ್ಸನ್ ಕೋವಿಗೆ ಟಾರ್ಚನ್ನು ಬಿಗಿದುಕೊಂಡು ಕೂರುತ್ತಿದ್ದರೇ ಹೊರತು ದುರ್ಬೀನನ್ನು ನಂಬಿದವರಲ್ಲ. ನಮ್ಮ ಲೇಖನದ ಗಂಟು ಇರುವುದು ಇಲ್ಲಿಯೇ. ದುರ್ಬೀನು ಕಣ್ಣಿಗೆ ಮಾಡುವ ಉಪಕಾರಕ್ಕೆ ಪ್ರತಿಯಾಗಿ ತೋಟಾದ ದಾರಿಯಲ್ಲಿ ಸುಂಕವನ್ನು ವಸೂಲು ಮಾಡುತ್ತದೆ.

ಮದ್ದಿನ ಬೀಸುಕಲ್ಲಿನಿಂದ ತೋಟಾದವರೆಗೆ

ಚಿತ್ರದುರ್ಗದ ಕೋಟೆಯನ್ನು ನೋಡಿದವರು ಅಲ್ಲಿನ ಮದ್ದು ಬೀಸುವ ಭಾರಿ ಕಲ್ಲುಗಳನ್ನು ಕಂಡೇ ಇರುತ್ತಾರೆ. ಪಾಳೆಯಗಾರರ ಕಾಲದ ಬಂದೂಕಿಗೆ ಬಾಯಿಯಿಂದ ಮದ್ದನ್ನು ಸುರಿದು, ಗುಂಡನ್ನು ಗಜದಿಂದ ತಳ್ಳಿ ಗಿಡಿಯಬೇಕಾಗಿತ್ತು. ತಡವಾಗುತ್ತಿತ್ತು, ಮಳೆಗೆ ನೆನೆಯುತ್ತಿತ್ತು. ಆದರೆ ಹಾರಿದ ಮೇಲೆ ಒಳಗೆ ಹೊಗೆಯಲ್ಲದೆ ಬೇರೇನೂ ಉಳಿಯುತ್ತಿರಲಿಲ್ಲ. ಇತ್ತೀಚಿನವರೆಗೂ ಹಳ್ಳಿಗಳಲ್ಲಿ ಕಾಣುತ್ತಿದ್ದ ಕೇಪಿನ ಕೋವಿಯೂ ಅದೇ ಜಾತಿಯದು. ಓಬವ್ವನ ಒನಕೆಯಂತೂ ಎಲ್ಲಕ್ಕಿಂತ ನಿರಾತಂಕ. ಅದರಲ್ಲಿ ಸಿಕ್ಕಿಕೊಳ್ಳಲು ಏನಿದೆ?

ಮದ್ದು, ಗುಂಡು, ಕೇಪು ಮೂರನ್ನೂ ಒಂದು ಹಿತ್ತಾಳೆಯ ಕೊಳವೆಯಲ್ಲಿ ಕಟ್ಟಿದ ತೋಟಾ ಬಂದ ಮೇಲೆ ವೇಗ ಬಂತು, ಜೊತೆಗೆ ಈ ತಲೆನೋವೂ ಬಂತು. ಹಿತ್ತಾಳೆಯನ್ನೇ ಏಕೆ ಆರಿಸಿದರೆಂಬುದು ಸ್ವಾರಸ್ಯದ ಮಾತು. ಬಹು ಪ್ರಸಿದ್ಧವಾದ .30-06 ತೋಟಾವನ್ನು ಹಾರಿಸಿದಾಗ ಒಳಗಿನ ಒತ್ತಡ ಚದರ ಅಂಗುಲಕ್ಕೆ 60,000 ಪೌಂಡಿನವರೆಗೆ ಏರಬಹುದು. ಆ ಕ್ಷಣದಲ್ಲಿ ಹಿತ್ತಾಳೆ ಉಬ್ಬಿ ತೋಟಾಗೂಡಿನ ಗೋಡೆಗೆ ಅಂಟಿಕೊಂಡು ಅನಿಲವನ್ನು ಹಿಂದಕ್ಕೆ ಬಿಡದೆ ತಡೆಯುತ್ತದೆ. ಗುಂಡು ನಳಿಗೆಯನ್ನು ಬಿಟ್ಟು ಒತ್ತಡವಿಳಿಯುತ್ತಲೇ ತುಸು ಕುಗ್ಗಿ ಗೋಡೆಯನ್ನು ಬಿಡುತ್ತದೆ. ಉಬ್ಬಿ ಮತ್ತೆ ಕುಗ್ಗುವ ಈ ಗುಣವೇ ಹಿತ್ತಾಳೆಯ ಹಿರಿಮೆ. ಕುಗ್ಗುವುದು ಕೂದಲೆಳೆಯಷ್ಟು ಮಾತ್ರ. ಗೂಡಿನ ಗೋಡೆ ತುಕ್ಕಿನಿಂದ ಒರಟಾಗಿದ್ದರೆ ಆ ಕೂದಲೆಳೆಯ ಬಿಡುವು ಸಾಲದು.

ಬೋಲ್ಟ್ ರೈಫಲ್ಲನ್ನು ಕಾಣದವರಿಗೆ ಅದರ ರಚನೆಯನ್ನು ತಿಳಿಸಲು ಮನೆಯ ಬಾಗಿಲಿನ ಅಗುಳಿ ಸಾಕು. ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಬಾಗಿಲು ತೆರೆಯಿತು, ಮುಂದಕ್ಕೆ ತಳ್ಳಿ ಕೆಳಕ್ಕೆ ಮಡಿಸಿದರೆ ಮುಚ್ಚಿತು. ಕೋವಿಯಲ್ಲಿ ಆ ಅಗುಳಿಯ ಮೂತಿಗೆ ಒಂದು ಉಕ್ಕಿನ ಉಗುರು ಇರುತ್ತದೆ; ತೋಟಾದ ತಳದ ಅಂಚನ್ನು ಕಚ್ಚಿ ಗೂಡಿನಿಂದ ಹೊರಗೆಳೆಯುವುದು ಅದರ ಕೆಲಸ. ಇದು ಎಕ್ಸ್‌ಟ್ರಾಕ್ಟರ್. ಎಳೆದು ತಂದ ಕೊಳವೆಯನ್ನು ಮತ್ತೊಂದು ಕಡೆಯಿಂದ ಒದ್ದು ಆಚೆಗೆ ಎಸೆಯುವುದು ಎಜೆಕ್ಟರಿನ ಕೆಲಸ. ಒಬ್ಬ ಕೈ ಹಿಡಿದು ಎಳೆದರೆ ಮತ್ತೊಬ್ಬ ಬೆನ್ನಿಗೆ ಗುದ್ದಿ ಹೊಸ್ತಿಲು ದಾಟಿಸುತ್ತಾನೆ. ಕೋವಿ ಕೆಟ್ಟಿತೆಂದು ದೂರುವವರಲ್ಲಿ ಅನೇಕರು ಈ ಇಬ್ಬರನ್ನೂ ಒಬ್ಬನೆಂದೇ ಭಾವಿಸಿ, ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ದಂಡಿಸುತ್ತಾರೆ.

ಈ ಇಬ್ಬರ ರೂಪ ಎಲ್ಲ ಕೋವಿಗಳಲ್ಲಿಯೂ ಒಂದೇ ಅಲ್ಲ. ಜರ್ಮನಿಯ ಪಾಲ್ ಮೌಸರ್ 1898ರಲ್ಲಿ ಪೂರ್ಣಗೊಳಿಸಿದ ಮಾದರಿಯಲ್ಲಿ ಉಗುರು ಅಗಲವಾದ ಉದ್ದನೆಯ ಪಟ್ಟಿ. ಮ್ಯಾಗಜೀನಿನಿಂದ ತೋಟಾ ಮೇಲೇರುತ್ತಲೇ ಅದನ್ನು ಹಿಡಿದುಕೊಂಡು ಹೊರಗೆಸೆಯುವವರೆಗೂ ಬಿಡುವುದಿಲ್ಲ. ಎಜೆಕ್ಟರು ಎಡಗಡೆಯಲ್ಲಿ ನಿಂತಲ್ಲೇ ನಿಂತ ಒಂದು ಅಲಗು. ಚಂಪಾವತದ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ 1907ರಲ್ಲಿ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಬಂದ .275 ರಿಗ್ಬಿ ರೈಫಲ್ಲು ಲಂಡನ್ನಿನ ಕಂಪೆನಿಯದಾದರೂ ಅದರ ಹೃದಯ ಮೌಸರನದೇ. ಅಪಾಯದ ಮೃಗಗಳ ಬೇಟೆಗಾರರು ಈ ಪಟ್ಟಿಯುಗುರನ್ನು ಮೆಚ್ಚಿದುದು ಸುಮ್ಮನೆ ಅಲ್ಲ. 1962ರಲ್ಲಿ ಬಂದ ರೆಮಿಂಗ್ಟನ್ 700ರಂಥ ಹೊಸ ಕೋವಿಗಳಲ್ಲಿ ಎಜೆಕ್ಟರು ಅಗುಳಿಯ ಮೂತಿಯೊಳಗೇ ಅಡಗಿದ ಸ್ಪ್ರಿಂಗಿನ ಮೊಳೆ. ಕೊಳವೆಯ ಬಾಯಿ ಗೂಡನ್ನು ಬಿಟ್ಟೊಡನೆ ಅದು ತಾನಾಗಿಯೇ ತಳ್ಳುತ್ತದೆ. ನೀವು ಅಗುಳಿಯನ್ನು ಮೆಲ್ಲಗೆ ಎಳೆದರೂ ಅದರ ಬಲ ಅಷ್ಟೇ. ಮೌಸರಿನಲ್ಲಿ ಹಾಗಲ್ಲ. ಮೆಲ್ಲಗೆ ಎಳೆದರೆ ಕೊಳವೆ ಅಂಗೈಗೆ ಉರುಳುತ್ತದೆ, ಝಾಡಿಸಿ ಎಳೆದರೆ ಮಾರುದೂರ ಹಾರುತ್ತದೆ.

ನಮ್ಮ ಸೀಮೆಯ ಮನೆಗಳಲ್ಲಿ ಹೆಚ್ಚಾಗಿ ಕಾಣಸಿಗುವ ಬೋಲ್ಟ್ ರೈಫಲ್ಲು ಇವೆರಡೂ ಅಲ್ಲ. ಪಶ್ಚಿಮ ಬಂಗಾಳದ ಇಛಾಪುರದ ಕಾರ್ಖಾನೆಯ.315. ಸೈನ್ಯದ .303 ತೋಟಾ ಜನಸಾಮಾನ್ಯರ ಕೈಗೆ ಸೇರಬಾರದೆಂದು ಬ್ರಿಟಿಷ್ ಸರ್ಕಾರ ಕಟ್ಟು ಮಾಡಿದ್ದರಿಂದ, ಆಸ್ಟ್ರಿಯದ ಮಾನ್‌ಲಿಷರ್ ತೋಟಾದ ಅಳತೆಯ ಈ 8 ಮಿಲಿಮೀಟರಿನ ಕೋವಿಗೆ ಇಲ್ಲಿ ಮನ್ನಣೆ ದೊರೆಯಿತು. ತೋಟಾ ಬೇರೆಯಾದರೂ ಅಗುಳಿ ಮಾತ್ರ ಹಳೆಯ ಲೀ-ಎನ್‌ಫೀಲ್ಡಿನದು. ಅದರ ಎಜೆಕ್ಟರೆಂದರೆ ಎಡಗೋಡೆಯಿಂದ ಒಳಕ್ಕೆ ಇಣುಕುವ ಒಂದು ಪುಟ್ಟ ತಿರುಪು, ಅಷ್ಟೆ. ಉಗುರಿನ ಸ್ಪ್ರಿಂಗು ಕೊಳವೆಯನ್ನು ಎಡಗೋಡೆಗೆ ಒತ್ತಿ ಹಿಡಿದಿರುವುದರಿಂದ, ಬಾಯಿ ಬಿಡುಗಡೆಯಾದೊಡನೆ ಬಹುಪಾಲು ಅದು ತಾನೇ ಬಲಕ್ಕೆ ಚಿಮ್ಮುತ್ತದೆ. ತಿರುಪು ಬರಿಯ ಸಹಾಯಕ. ಆದ್ದರಿಂದ .315ರಲ್ಲಿ ತೋಟಾ ಸರಿಯಾಗಿ ಹಾರದಿದ್ದರೆ ಮೊದಲು ಶಂಕಿಸಬೇಕಾದುದು ಉಗುರಿನ ಸ್ಪ್ರಿಂಗನ್ನು. ತಿರುಪನ್ನು ತಿರುಚಿ ಪ್ರಯೋಜನವಿಲ್ಲ.

ತೋಟದ ಮನೆಯಲ್ಲಿ ಒಂದು ಪರೀಕ್ಷೆ

ಚಿಕ್ಕಜಾಜೂರಿನ ಸಮೀಪದ ಒಂದು ಅಡಿಕೆ ತೋಟದ ಮನೆಯಲ್ಲಿ ಇಂಥದೇ ಒಂದು .315ನ್ನು ನಾನು ನೋಡಿದ್ದೇನೆ. ಮನೆಯ ಯಜಮಾನರಿಗೆ ತಂದೆಯ ಕಾಲದಿಂದ ಬಂದದ್ದು. ಎಂಬತ್ತರ ಸಮೀಪದ ಅವರ ಕಣ್ಣಿಗೆ ಮಂಜು ಕವಿದಿತ್ತು. ನಳಿಗೆಯ ತುದಿಯ ಕಾಳು ಕಾಣದೆಂದು ಹೇಳಿ ಕೋವಿಯನ್ನೇ ಠಾಣೆಗೆ ಒಪ್ಪಿಸಿಬಿಡುವ ಮಾತಾಡುತ್ತಿದ್ದರು. ಮೊಮ್ಮಗನಿಗೆ ಅದು ಸಹಿಸಲಿಲ್ಲ. ಅಜ್ಜನ ಸಂತೋಷಕ್ಕೆಂದು ಅದಕ್ಕೊಂದು ದುರ್ಬೀನನ್ನು ಕೂರಿಸಿಕೊಟ್ಟ. ಕಣ್ಣಿನ ಚಿಂತೆ ತೀರಿತು. ಆದರೆ ಅಲ್ಲಿಯವರೆಗೆ ಅರ್ಧ ಶತಮಾನ ಒಮ್ಮೆಯೂ ಕೈಕೊಡದ ಕೋವಿ ನಾಲ್ಕಕ್ಕೊಂದು ತೋಟಾವನ್ನು ನುಂಗಿಕೊಂಡು ಅಡ್ಡ ಮಲಗಿಸತೊಡಗಿತು. ಎಜೆಕ್ಟರು ಸವೆದಿದೆಯೆಂದು ಮೊಮ್ಮಗನ ತೀರ್ಮಾನ. ಅರ ಹಿಡಿದು ಕುಳಿತೂ ಬಿಟ್ಟಿದ್ದ.

“ತಡಿಯಪ್ಪಾ, ಉಜ್ಜಿದ ಕಬ್ಬಿಣ ಮತ್ತೆ ಬೆಳೆಯಲ್ಲ,” ಎಂದರು ಮುದುಕರು. “ಮೊದಲು ಆ ದುರ್ಬೀನು ಬಿಚ್ಚು. ಬಿಚ್ಚಿ ಇಪ್ಪತ್ತು ಸಲ ಎಳಿ.”

“ಅದಕ್ಕೂ ಇದಕ್ಕೂ ಏನು ಸಂಬಂಧ ಅಜ್ಜಾ? ಅದು ಮೇಲಿರೋದು.”

“ತೋಟಾನೂ ಮೇಲಕ್ಕೇ ಅಲ್ವೇನೋ ಹಾರೋದು?”

ದುರ್ಬೀನನ್ನು ತೆಗೆದು, ಮದ್ದಿಲ್ಲದ ಹುಸಿ ತೋಟಾಗಳನ್ನು ತುಂಬಿ ಇಪ್ಪತ್ತು ಸಲ ಎಳೆದದ್ದಾಯಿತು. ಇಪ್ಪತ್ತೂ ಅಂಗಳಕ್ಕೆ ಹಾರಿದವು. ಮತ್ತೆ ಕೂರಿಸಿ ಎಳೆದಾಗ ಐದು ಒಳಕ್ಕೇ ಮರಳಿದವು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ದುರ್ಬೀನಿನ ಬಲಮಗ್ಗುಲಿನ ತಿರುಗುಗುಂಡಿಯ ಕಪ್ಪು ಬಣ್ಣದ ಮೇಲೆ ಹಿತ್ತಾಳೆಯ ಹೊಂಬಣ್ಣದ ಗೀರುಗಳು ಸ್ಪಷ್ಟವಾಗಿದ್ದವು. ಅರ ಪೆಟ್ಟಿಗೆಗೆ ಹಿಂದಿರುಗಿತು. ಲೈಸೆನ್ಸುಳ್ಳ ಕೋವಿಕುಶಲಿಯೊಬ್ಬರು ದುರ್ಬೀನನ್ನು ಹಿಡಿಯುವ ಬಳೆಗಳನ್ನು ಬದಲಾಯಿಸಿ ಸ್ವಲ್ಪ ಎತ್ತರಿಸಿದ ಮೇಲೆ ದೋಷ ಮರುಕಳಿಸಲಿಲ್ಲವೆಂದು ತಿಳಿಯಿತು.

ಮುದುಕರ ಈ ಉಪಾಯಕ್ಕಿಂತ ಸರಳವಾದ ಪರೀಕ್ಷೆ ಇನ್ನೊಂದಿಲ್ಲ. ಲಕ್ಷಣಗಳನ್ನು ಓದುವುದನ್ನು ಕಲಿತರೆ ಉಳಿದುದೂ ಕಷ್ಟವಲ್ಲ. ಹಿಡಿಯನ್ನು ಮೇಲಕ್ಕೆತ್ತುವಾಗಲೇ ಬಿಗಿಯಾಗಿದ್ದರೆ ತೊಂದರೆ ಗೂಡಿನಲ್ಲಿದೆಯೆಂದು ಅರ್ಥ. ಹಿಡಿಯೆತ್ತುವ ಆ ತಿರುವಿನಲ್ಲಿಯೇ ಅಗುಳಿ ತುಸು ಹಿಂದೆ ಜಾರಿ ಅಂಟಿಕೊಂಡ ಕೊಳವೆಯನ್ನು ಸಡಿಲಿಸುವಂತೆ ಕೋವಿಯನ್ನು ರಚಿಸಿರುತ್ತಾರೆ. ಅದೂ ಸಾಲದೆಂದರೆ ಗೂಡು ಕೊಳೆಯಾಗಿದೆ, ತುಕ್ಕು ಹಿಡಿದಿದೆ, ಇಲ್ಲವೆ ತೋಟಾದ ಒತ್ತಡ ಮಿತಿ ಮೀರಿದೆ. ಕೇಪಿನ ಮುಖ ಚಪ್ಪಟೆಯಾಗಿ ಹರಡಿದ್ದರೆ, ಕೊಳವೆಯ ತಳದಲ್ಲಿ ಹೊಳೆಯುವ ಗುರುತು ಮೂಡಿದ್ದರೆ, ಅಲ್ಲಿಗೆ ಈಡು ಹಾರಿಸುವುದನ್ನು ನಿಲ್ಲಿಸಬೇಕು. ಮುಂದಿನದು ಕುಶಲಿಯ ಕೆಲಸ. ಹಿರಿಯೂರಿನ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಗಾಜಿನ ಹಿಂದೆ ತೋಟಾದ ಪೆಟ್ಟಿಗೆಯನ್ನು ಬಿಟ್ಟುಹೋಗುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಕಾದ ಮದ್ದು ಹೆಚ್ಚು ಒತ್ತಡವನ್ನು ಹುಟ್ಟಿಸುತ್ತದೆ.

ಹಿಡಿ ಸಲೀಸಾಗಿ ಎದ್ದು, ಅಗುಳಿಯೂ ಹಿಂದೆ ಬಂದು, ಕೊಳವೆ ಮಾತ್ರ ಗೂಡಿನಲ್ಲೇ ಉಳಿದರೆ ಉಗುರು ಜಾರಿದೆ. ಅದರ ತುದಿ ಮುರಿದಿರಬಹುದು, ಸ್ಪ್ರಿಂಗು ಸತ್ತಿರಬಹುದು, ಅನೇಕ ವೇಳೆ ಉಗುರಿನಡಿಯಲ್ಲಿ ಕೊಳೆ ತುಂಬಿ ಅದು ಅಂಚನ್ನು ಕಚ್ಚಲಾರದೆ ಹೋಗಿರಬಹುದು. ಕೊಳವೆ ಹೊರಬಂದು ಅಗುಳಿಯ ಮೂತಿಯಲ್ಲೇ ಜೋತುಬಿದ್ದರೆ, ಇಲ್ಲವೆ ಮ್ಯಾಗಜೀನಿನ ಮೇಲೆ ಸತ್ತಂತೆ ಬಿದ್ದರೆ, ಆಗ ಎಜೆಕ್ಟರಿನ ಸರದಿ. ಅದಕ್ಕೂ ಮೊದಲು ಎಳೆಯುವವನ ಕೈಯನ್ನೇ ಗಮನಿಸುವುದು ಒಳ್ಳೆಯದು. ದುರ್ಬೀನಿನಿಂದ ಕಣ್ಣು ತೆಗೆಯಲು ಮನಸ್ಸಿಲ್ಲದವನು, ಅಗುಳಿ ಮುಖಕ್ಕೆ ತಗುಲೀತೆಂಬ ಅಂಜಿಕೆಯಿಂದ, ಮುಕ್ಕಾಲು ಪಾಲು ಎಳೆದು ಮತ್ತೆ ಮುಂದಕ್ಕೆ ತಳ್ಳಿಬಿಡುತ್ತಾನೆ. ನಿಂತ ಅಲಗಿನ ಎಜೆಕ್ಟರಿರುವ ಕೋವಿಯಲ್ಲಿ ಒದೆತ ಬೀಳುವುದು ಎಳೆತದ ಕಟ್ಟಕಡೆಯಲ್ಲಿ. ಅಲ್ಲಿಗೆ ತಲುಪದಿದ್ದರೆ ಒದೆತವೇ ಇಲ್ಲ. ಹೀಗೆ ಕೋವಿಯ ಮೇಲೆ ಬರುವ ದೂರುಗಳಲ್ಲಿ ಒಂದು ಭಾಗ ವಾಸ್ತವವಾಗಿ ಮೊಣಕೈಯ ಮೇಲೆ ಹೋಗಬೇಕಾದವು.

ಕೊಳವೆ ಜೋರಾಗಿಯೇ ಹಾರಿ, ಟಣ್ಣೆಂದು ಸದ್ದು ಮಾಡಿ, ಮರಳಿ ಒಳಬಿದ್ದರೆ ಅಪರಾಧಿ ದುರ್ಬೀನೇ. ಆ ಟಣ್ಣೆನ್ನುವ ಸದ್ದನ್ನು ಕಿವಿಗೊಟ್ಟು ಕೇಳಬೇಕು. ಗುರುತು ಕಾಣದಿದ್ದರೆ ತಿರುಗುಗುಂಡಿಗೆ ಸ್ವಲ್ಪ ಸೀಮೆಸುಣ್ಣ ಬಳಿದು ನೋಡಬಹುದು. ತಗುಲಿದ ಕಡೆ ಅಳಿಸಿರುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಪುಸ್ತಕ ಓದಿ ಕಲಿತವರು ಮರೆಯುವುದುಂಟು. ಸುಟ್ಟ ಕೊಳವೆ ಮೋಟು, ಹಾರಿಸದ ತೋಟಾ ಉದ್ದ. .30-06ರ ಕೊಳವೆ 63.3 ಮಿಲಿಮೀಟರಾದರೆ, ಗುಂಡು ಕೂಡಿದ ಇಡೀ ತೋಟಾ ಸುಮಾರು 84.8 ಮಿಲಿಮೀಟರಿನವರೆಗೆ ಇರುತ್ತದೆ. ಖಾಲಿಯನ್ನು ಚೆನ್ನಾಗಿ ಎಸೆಯುವ ಕೋವಿ, ಹಾರಿಸದೆ ಉಳಿದ ತೋಟಾವನ್ನು ತೆಗೆಯುವಾಗ ದುರ್ಬೀನಿನ ಕೆಳಗೆ ಅಡ್ಡ ಸಿಕ್ಕಿಸಿಕೊಳ್ಳಬಹುದು. ಮನೆಯವರ ದೃಷ್ಟಿಯಿಂದ ನೋಡಿದರೆ ಎಲ್ಲಕ್ಕಿಂತ ಭಯಂಕರವಾದ ಸ್ಥಿತಿ ಇದೇ. ಬೇಸತ್ತವನು ಕೋವಿಯನ್ನು ಮೂಲೆಗೊರಗಿಸಿ ಸ್ಕ್ರೂಡ್ರೈವರನ್ನು ತರಲು ಒಳಗೆ ಹೋಗುತ್ತಾನೆ. ಒಳಗಿರುವುದು ಬರಿಯ ಖಾಲಿಯೆಂಬ ನಂಬಿಕೆ ಅವನದು. ಮಕ್ಕಳಿರುವ ಮನೆಯಲ್ಲಿ ಆ ನಂಬಿಕೆಯ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟಾ ಸಿಕ್ಕಿಕೊಂಡ ಕೋವಿಯನ್ನು, ಗೂಡನ್ನು ಕಣ್ಣಾರೆ ನೋಡಿ ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳುವವರೆಗೆ, ತುಂಬಿದ ಕೋವಿಯೆಂದೇ ಭಾವಿಸಿ ಬಾಯನ್ನು ನಿರಪಾಯವಾದ ದಿಕ್ಕಿಗೆ ತಿರುಗಿಸಿ ಹಿಡಿದಿರಬೇಕು. ಟ್ರಿಗರನ್ನು ಎಳೆದರೂ ಈಡು ಹಾರದಿದ್ದರೆ ಕೂಡಲೇ ಅಗುಳಿಯನ್ನು ತೆರೆಯಬಾರದು. ಹಳೆಯ ತೋಟಾದಲ್ಲಿ ಕೇಪು ಕಿಡಿಯಾಡುತ್ತಿದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಬಾಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷವಾದರೂ ಕಾಯಬೇಕು. ಸಿಕ್ಕಿದ ಜೀವಂತ ತೋಟಾವನ್ನು ನಳಿಗೆಯ ಬಾಯಿಯಿಂದ ಗಜ ತೂರಿಸಿ ಕುಟ್ಟಿ ತೆಗೆಯುವುದಂತೂ ಆತ್ಮಹತ್ಯೆಗೆ ಸಮಾನ.

ಎಣ್ಣೆ, ತುಕ್ಕು, ಠೇವಣಿ

ಈ ರೋಗಕ್ಕೆ ನಮ್ಮ ಕಡೆಯ ವಿಶೇಷ ಕಾರಣಗಳೂ ಕೆಲವಿವೆ. ತೆಂಗಿನ ಸೀಮೆಯಾದ್ದರಿಂದ ಕೊಬ್ಬರಿ ಎಣ್ಣೆ ಕೈಗೆಟುಕುವ ವಸ್ತು. ಕೋವಿಗೂ ಅದನ್ನೇ ಸವರುವವರುಂಟು. ಆದರೆ ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಹೆಪ್ಪುಗಟ್ಟುತ್ತದೆಂಬುದು ಮಾರ್ಗಶಿರದ ಬೆಳಗಿನಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡ ಪ್ರತಿಯೊಬ್ಬ ಗೃಹಿಣಿಗೂ ಗೊತ್ತು. ಹೆಪ್ಪುಗಟ್ಟದಿದ್ದರೂ ಕಾಲಕ್ರಮದಲ್ಲಿ ಗಾಳಿ ತಗುಲಿ ಅಂಟಾಗುತ್ತದೆ. ಅಗುಳಿಯ ಮೂತಿಯೊಳಗಿನ ಸ್ಪ್ರಿಂಗಿನ ಮೊಳೆಗೆ ಈ ಅಂಟು, ಅದರೊಡನೆ ಹಿತ್ತಾಳೆಯ ಸಣ್ಣ ಪುಡಿ ಸೇರಿದರೆ, ಮೊಳೆ ಒಳಸರಿದು ಮತ್ತೆ ಹೊರಬರುವುದಿಲ್ಲ. ಬೆರಳಿನಿಂದ, ಇಲ್ಲವೆ ಮರದ ಕಡ್ಡಿಯಿಂದ ಒತ್ತಿ ನೋಡಿದರೆ ಅದು ಚಟ್ಟನೆ ಪುಟಿಯಬೇಕು. ಪುಟಿಯದಿದ್ದರೆ ಯಂತ್ರ ಕೆಟ್ಟಿದೆಯೆನ್ನುವುದಕ್ಕಿಂತ ಸ್ನಾನ ಬಾಕಿಯಿದೆಯೆನ್ನುವುದು ಸರಿ.

ಹಳೆಯ ಕಾಲದ ತೋಟಾಗಳ ಕೇಪಿನಲ್ಲಿದ್ದ ಕ್ಲೋರೇಟು ಉರಿದ ಮೇಲೆ ಉಪ್ಪಿನ ಜಾತಿಯ ಮಡ್ಡಿಯನ್ನು ಉಳಿಸುತ್ತಿತ್ತು. ಉಪ್ಪು ಮಳೆಗಾಲದಲ್ಲಿ ನೀರೂರುವುದನ್ನು ಅಡಿಗೆಯ ಮನೆಯಲ್ಲಿ ಕಂಡಿದ್ದೇವೆ. ಎಣ್ಣೆಯಲ್ಲಿ ಕರಗದ ಆ ಉಪ್ಪು ತೊಳೆದುಹೋಗಲು ನೀರೇ ಬೇಕು. ಅದಕ್ಕಾಗಿಯೇ ಹಿಂದಿನ ಸಿಪಾಯಿಗಳು ನಳಿಗೆಗೆ ಕುದಿನೀರನ್ನು ಹೊಯ್ದು, ಒಣಗಿಸಿ, ಅನಂತರ ಎಣ್ಣೆ ಹಚ್ಚುತ್ತಿದ್ದರು. ಈ ವಿಧಿಯನ್ನು ಬಿಟ್ಟ ಮನೆಗಳ ಕೋವಿಯ ಗೂಡಿನಲ್ಲಿ ಸಿಡುಬಿನ ಕಲೆಯಂತೆ ಕುಳಿಗಳು ಬಿದ್ದಿರುತ್ತವೆ. ಉಬ್ಬಿದ ಹಿತ್ತಾಳೆ ಆ ಕುಳಿಗಳಿಗೆ ಇಳಿದು ಕಚ್ಚಿಕೊಳ್ಳುತ್ತದೆ.

ಚುನಾವಣೆ ಬಂದಾಗ ಲೈಸೆನ್ಸಿನ ಕೋವಿಗಳನ್ನು ಠೇವಣಿಯಿಡುವ ಪದ್ಧತಿಯೂ ಇದೆ. ವಾರಗಟ್ಟಲೆ ಮುಟ್ಟದೆ ಇಡುವ ಕೋವಿಗೆ ಗೂಡಿನಲ್ಲಿಯೂ ಉಗುರಿನಡಿಯಲ್ಲಿಯೂ ತೆಳುವಾಗಿ ಎಣ್ಣೆ ಸವರಿ ಕೊಡುವುದು, ಮರಳಿ ತಂದ ದಿನ ಆ ಎಣ್ಣೆಯನ್ನು ಗೂಡಿನಿಂದ ಪೂರ್ತಿ ಒರೆಸಿ ತೆಗೆಯುವುದು, ಎರಡೂ ಅಗತ್ಯ. ಎಣ್ಣೆ ಉಳಿದ ಗೂಡಿನಲ್ಲಿ ಈಡು ಹಾರಿಸಿದರೆ ಹಿತ್ತಾಳೆ ಗೋಡೆಯನ್ನು ಹಿಡಿಯದೆ ಜಾರಿ, ಪೆಟ್ಟೆಲ್ಲ ಅಗುಳಿಯ ಮೇಲೆ ಬೀಳುತ್ತದೆ.

ಕೊಡಗಿನವರು ಕೈಲ್‌ಪೊಳ್ದಿನಲ್ಲಿ ಆಯುಧಗಳನ್ನು ತೊಳೆದು, ಒರೆಸಿ, ಹೂವಿಟ್ಟು ಪೂಜಿಸುತ್ತಾರೆ. ದೈವಭಕ್ತಿಯ ಮಾತು ಹಾಗಿರಲಿ. ವರ್ಷಕ್ಕೊಮ್ಮೆಯಾದರೂ ಮನೆಯ ಪ್ರತಿಯೊಂದು ಕೋವಿಯೂ ಬೆಳಕಿಗೆ ಬಂದು ಒರೆಸಿಕೊಳ್ಳುವ ಏರ್ಪಾಡು ಯಂತ್ರಶಾಸ್ತ್ರದ ದೃಷ್ಟಿಯಿಂದಲೂ ಬಹಳ ಜಾಣತನದ್ದು.

ದುರ್ಬೀನು ಮತ್ತು ತೋಟಾದ ವ್ಯಾಜ್ಯ

ಈ ವ್ಯಾಜ್ಯ ಒಂದು ಕೋವಿಯದಲ್ಲ, ಒಂದು ದೇಶದ್ದೂ ಅಲ್ಲ. ಮೌಸರ್ ತನ್ನ ಕೋವಿಯನ್ನು ರೂಪಿಸಿದಾಗ ಅದರ ಬೆನ್ನಿನ ಮೇಲೆ ಆಕಾಶವಲ್ಲದೆ ಬೇರೇನೂ ಇರಲಿಲ್ಲ. ಅಗುಳಿಯ ಹಿಡಿ ನೆಟ್ಟಗೆ ಮೇಲೇಳುತ್ತಿತ್ತು, ಸುರಕ್ಷೆಯ ಕೀಲಿ ನೆತ್ತಿಯ ಮೇಲೆ ನಿಲ್ಲುತ್ತಿತ್ತು. ದುರ್ಬೀನು ಬಂದ ಮೇಲೆ ಹಿಡಿಯನ್ನು ಬಗ್ಗಿಸಬೇಕಾಯಿತು, ಕೀಲಿಯನ್ನು ಪಕ್ಕಕ್ಕೆ ಸರಿಸಬೇಕಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಲೀ-ಎನ್‌ಫೀಲ್ಡಿಗೆ ದುರ್ಬೀನು ಕೂರಿಸಿದಾಗ, ಮೇಲಿನಿಂದ ತೋಟಾ ತುಂಬುವ ದಾರಿಗೆ ಅಡ್ಡಿಯಾಗದಿರಲೆಂದು ಅದನ್ನು ಎಡಕ್ಕೆ ಓರೆಯಾಗಿ ಇಟ್ಟರು. ಅಮೆರಿಕದಲ್ಲಿ ವಿಂಚೆಸ್ಟರ್ 94 ಎಂಬ ಜನಪ್ರಿಯ ಕೋವಿ ನೆತ್ತಿಯಿಂದ ತೋಟಾ ಎಸೆಯುತ್ತಿದ್ದುದರಿಂದ ದುರ್ಬೀನಿನ ಗಿರಾಕಿಗಳನ್ನು ಕಳೆದುಕೊಳ್ಳುತ್ತಿತ್ತು. ಬಲಮಗ್ಗುಲಿನಿಂದ ಎಸೆಯುವ ಮಾರ್ಲಿನ್ 336 ಬಂದದ್ದು 1948ರಲ್ಲಿ. ಕೊನೆಗೆ 1980ರ ದಶಕದ ಆರಂಭದಲ್ಲಿ ವಿಂಚೆಸ್ಟರಿನವರೂ ತೋಟಾ ಓರೆಯಾಗಿ ಹಾರುವಂತೆ ಬದಲಾಯಿಸಿ ದುರ್ಬೀನಿಗೆ ಶರಣಾದರು.

ಮನೆಯ ಕೋವಿಗೆ ಇಷ್ಟು ದೊಡ್ಡ ಕ್ರಾಂತಿ ಬೇಕಾಗಿಲ್ಲ. ಬಳೆಗಳೊಳಗೆ ದುರ್ಬೀನನ್ನು ಒಂದಿಷ್ಟು ಹಿಂದಕ್ಕೋ ಮುಂದಕ್ಕೋ ಜಾರಿಸಿದರೆ ತಿರುಗುಗುಂಡಿ ತೋಟಾದ ದಾರಿಯಿಂದ ಸರಿಯಬಹುದು. ಕಣ್ಣಿಗೂ ಗಾಜಿಗೂ ಇರುವ ಅಂತರ ಕೆಡದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಈಡಿನ ಹಿಮ್ಮೆಟ್ಟಿನಲ್ಲಿ ಹುಬ್ಬು ಸೀಳುತ್ತದೆ. ಎತ್ತರದ ಬಳೆಗಳು ಖಚಿತವಾದ ಪರಿಹಾರ. ಆದರೆ ಕೆನ್ನೆ ಕೋವಿಯ ಮರಕ್ಕೆ ಒರಗದೆ ಗಾಳಿಯಲ್ಲಿ ತೇಲುತ್ತದೆ, ಗುರಿಯನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ. ಹಳೆಯ ಕುಶಲಿಗಳದು ಮತ್ತೊಂದು ಉಪಾಯ: ದುರ್ಬೀನನ್ನು ಬಳೆಗಳಲ್ಲಿ ಕಾಲುಸುತ್ತು ಎಡಕ್ಕೆ ತಿರುಗಿಸಿಬಿಡುವುದು. ಬಲದ ಗುಂಡಿ ನೆತ್ತಿಗೇರುತ್ತದೆ, ನೆತ್ತಿಯದು ಎಡಕ್ಕಿಳಿಯುತ್ತದೆ, ಬಲಮಗ್ಗುಲು ಬಯಲಾಗುತ್ತದೆ. ಒಳಗೆ ಇರುವುದು ಸಮನಾದ ಕೂಡುಗೆರೆಯಾದರೆ ನೋಟಕ್ಕೆ ಭಂಗವಿಲ್ಲ. ಮೇಲೆ-ಕೆಳಗೆ ಹೊಂದಿಸುವ ಗುಂಡಿ ಯಾವುದು, ಎಡ-ಬಲದ್ದು ಯಾವುದು ಎಂಬುದನ್ನು ಮಾತ್ರ ಅದಲುಬದಲಾಗಿ ನೆನಪಿಟ್ಟುಕೊಳ್ಳಬೇಕು. ಖರ್ಚಿಲ್ಲದ ಈ ಪರಿಹಾರವೇ ನನಗೆ ಎಲ್ಲಕ್ಕಿಂತ ಮೆಚ್ಚುಗೆ. ಎಜೆಕ್ಟರಿನ ಅಲಗನ್ನು ತಿದ್ದಿ ಕೊಳವೆ ಹಾರುವ ಕೋನವನ್ನೇ ಬದಲಾಯಿಸುವವರೂ ಇದ್ದಾರೆ; ಅದು ಬಲ್ಲವರ ಕೈಯಲ್ಲಿ ವಿದ್ಯೆ, ಉಳಿದವರ ಕೈಯಲ್ಲಿ ವಿಧ್ವಂಸ.

ಇದನ್ನೆಲ್ಲ ಓದಿ ಯಾರೂ ಕಾಡಿಗೆ ಹೊರಡುವ ಹಾಗಿಲ್ಲ. ಹುಲಿಯ ಬೇಟೆ 1970ರಲ್ಲಿಯೇ ನಿಂತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಮೃಗಯೆಯೆಂಬುದು ಹವ್ಯಾಸಗಳ ಪಟ್ಟಿಯಿಂದ ಅಪರಾಧಗಳ ಪಟ್ಟಿಗೆ ಸೇರಿತು. ಜೋಗಿಮಟ್ಟಿಯ ಚಿರತೆ ಕರಡಿಗಳನ್ನು ದುರ್ಬೀನಿನಲ್ಲಿ ನೋಡಬಹುದು, ಕೋವಿಯಿಲ್ಲದ ದುರ್ಬೀನಿನಲ್ಲಿ. ಉಳಿದಿರುವುದು ಗುರಿಯ ಮೈದಾನ, ಲೈಸೆನ್ಸಿನೊಡನೆ ವಂಶಪಾರಂಪರ್ಯವಾಗಿ ಬಂದ ಮನೆಯ ಕೋವಿ, ಮತ್ತು ಕಥೆಗಳು. 1959ರ ಆಯುಧ ಕಾಯಿದೆಯ ಪ್ರಕಾರ ರಿಪೇರಿಯ ಕಸುಬಿಗೂ ಲೈಸೆನ್ಸು ಬೇಕು. ಆದ್ದರಿಂದ ಊರಿನ ಕಮ್ಮಾರನನ್ನೋ ಮೋಟರ್ ಮೆಕ್ಯಾನಿಕ್ಕನನ್ನೋ ಈ ಕೆಲಸಕ್ಕೆ ಎಳೆಯುವುದು ಇಬ್ಬರಿಗೂ ಕ್ಷೇಮವಲ್ಲ.

ಕುಶಲಿಯ ಬಳಿಗೆ ಹೋಗುವಾಗ ಲೈಸೆನ್ಸಿನ ಪುಸ್ತಕದೊಡನೆ ಸಿಕ್ಕಿಹಾಕಿಕೊಂಡ ನಾಲ್ಕೈದು ಖಾಲಿ ಕೊಳವೆಗಳನ್ನೂ ಒಂದು ಡಬ್ಬಿಯಲ್ಲಿ ಕೊಂಡೊಯ್ಯಬೇಕು. ಅವುಗಳನ್ನು ಒರೆಸಿ ಹೊಳಪು ಮಾಡಬಾರದು. ಅಂಚಿನ ಮೇಲಿನ ಉಗುರಿನ ಗೀರು, ಮೈಮೇಲಿನ ತಗ್ಗು, ಬಾಯಿಯ ಸೊಟ್ಟ, ತಳದ ಹೊಳಪು, ಇವೆಲ್ಲ ಆತನಿಗೆ ವೈದ್ಯನಿಗೆ ನಾಡಿಯಿದ್ದ ಹಾಗೆ. ದುರ್ಬೀನನ್ನೂ ಬಿಚ್ಚದೆ, ಇದ್ದ ಹಾಗೆಯೇ ಕೋವಿಯ ಮೇಲಿಟ್ಟು ಒಯ್ಯುವುದು ಮೇಲು.